ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಟ್ಲಿನ್

ಇವತ್ತು ಇಡೀ ದಿನ ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂತಿದ್ದೆ. ತೂಕದ ಕಾಟಾದಿಂದ ಬ್ಲೂಟೂತ್ ಮೂಲಕ ಕಿಲೋ ಲೆಕ್ಕ ಫೋನಿಗೆ ಬರಬೇಕು, ನಾನು ಬರೆಯುತ್ತಿರುವ ಆ್ಯಪ್‌ಗೆ ಅಷ್ಟೇ ಕೆಲಸ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್ ಸಾಕು ಅಂತ ಆಸೆಪಟ್ಟಿದ್ದೆ. ಸ್ಕ್ರೀನ್ ಆಫ್ ಆದ ಕೂಡಲೇ ಕನೆಕ್ಷನ್ ಕಟ್! ಅದನ್ನು ಸರಿಮಾಡೋಕೆ ಹೇಗಿದ್ರೂ ಆಂಡ್ರಾಯ್ಡ್ ಆ್ಯಪ್ ಬರೆಯುವ ಪ್ರೋಗ್ರಾಮಿಂಗ್ ಭಾಷೆಯಾದ ಕಾಟ್ಲಿನ್‌ನಲ್ಲೇ ಬರೆಯಬೇಕಾಯಿತು.

ಕಾಕಾ ಒಬ್ಬರು ಅಂಟು ಬೆರಳಲ್ಲೇ ಫೋನ್ ತಿರುವಿ ನೋಡಿ, "ತಮ್ಮಾ, ಇದಕ್ಕಿಂತ ನಮ್ಮ ಲೆಕ್ಕದ ವಹಿನೇ ಚಲೋ ಐತಿ ನೋಡು" ಅಂದರು. ಸುಮ್ನೆ ನಕ್ಕೆ.

ಆಮೇಲೆ ಎಣಿಸಿದೆ. ಅಲ್ಲಿದ್ದ 11 ಫೋನಿನಲ್ಲಿ ಐಫೋನ್ ಒಂದೇ. ಅದೂ ನಂದೇ! ಗೂಗಲ್ 2017ರಲ್ಲೇ ಆಂಡ್ರಾಯ್ಡ್‌ಗೆ ಕಾಟ್ಲಿನ್ ಒಪ್ಪಿಕೊಂಡಿತ್ತು, ನಾನು ಒಪ್ಪಿಕೊಳ್ಳೋಕೆ ವಿಜಯಪುರದ ಈ ಬಿಸಿಲು ಬೇಕಾಯಿತು. ರಾತ್ರಿ ಹೊಸ ಪ್ರಾಜೆಕ್ಟ್ ತೆರೆದಿದ್ದೇನೆ. ಕೀಬೋರ್ಡ್ ಇನ್ನೂ ಅಂಟಂಟು.