ಡಬ್ಬಿ ಮೆಣಸಿನಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗಿದ ದಿನ

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ, ಫೆಬ್ರುವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಆವತ್ತು ಜತೆಗಿದ್ದವರು ಹೊಸದಾಗಿ ಕ್ಯಾಮೆರಾ ಕೊಂಡ ಹುಬ್ಬಳ್ಳಿಯ ಇಬ್ಬರು ಹುಡುಗರು. ರಾ ಫೈಲ್ (ಸೆನ್ಸರ್ ಹಿಡಿದ ಬೆಳಕಿನ ತಿದ್ದದ ದಾಖಲೆ) ಯಾಕೆ ಬೇಕು ಎಂಬ ಪ್ರಶ್ನೆಗೆ ಈ ಭಾಗದಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಉಣಕಲ್ ಕೆರೆಯ ಸೂರ್ಯಾಸ್ತ ನಿಮ್ಮ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮೆಣಸಿನಕಾಯಿ ರಾಶಿ ಹಾಗಲ್ಲ, ಎಲ್ಲರೆದುರು ಬಯಲು ಮಾಡುತ್ತದೆ.

ಒಂಬತ್ತೂವರೆಯ ಬಿಸಿಲು. ಬಯಲಲ್ಲಿ ಸುರಿದ ಡಬ್ಬಿ ರಾಶಿ. ಬ್ಯಾಡಗಿ ಕಾಯಿಯಲ್ಲಿ ಗಿಡ್ಡ ದಪ್ಪದ್ದು ಡಬ್ಬಿ, ಉದ್ದ ತೆಳ್ಳಗಿನದು ಕಡ್ಡಿ. ಮೊದಲ ಚಿತ್ರ ಐಎಸ್‌ಒ (ಬೆಳಕಿಗೆ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್/8, ಶಟರ್ ವೇಗ ಕ್ಯಾಮೆರಾ ಹೇಳಿದಷ್ಟು. ಹಿಂದಿನ ಪರದೆಯಲ್ಲಿ ಝಗಝಗ ಎನ್ನುವ ಬಣ್ಣ. ಹುಡುಗ ಖುಷಿಯಿಂದ ಪಕ್ಕದಲ್ಲಿದ್ದ ದಲಾಲರಿಗೆ ತೋರಿಸಿದ. ಅವರು ಕನ್ನಡಕ ಮೇಲೇರಿಸಿ ನೋಡಿ, "ಇದು ನಮ್ಮ ಡಬ್ಬಿ ಅಲ್ಲಪಾ, ಬಣ್ಣಾ ಬ್ಯಾರೆ ಐತಿ" ಅಂದರು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಕೆಂಪು ನೋಡಿಯೇ ವ್ಯಾಪಾರ ಮಾಡುವವರ ಕಣ್ಣು ಅದು. ಪರದೆಯನ್ನು ದೊಡ್ಡದು ಮಾಡಿ ನೋಡಿದಾಗ ಅವರ ಮಾತು ಸರಿಯಿತ್ತು. ಮುಂದಿನ ಸಾಲಿನ ಕಾಯಿಗಳು ಕಿತ್ತಳೆಗೆ ತಿರುಗಿದ್ದವು, ಡಬ್ಬಿಯ ಗುರುತಾದ ಸುಕ್ಕುಗಳು ಮಾಯವಾಗಿ ಬಣ್ಣ ಬಳಿದ ಪ್ಲಾಸ್ಟಿಕ್ಕಿನಂತೆ ಕಾಣುತ್ತಿದ್ದವು.

ಆದದ್ದು ಇಷ್ಟು. ಕಡುಗೆಂಪು ಕಾಯಿ ಬೆಳಕನ್ನು ಕಡಿಮೆ ಮರಳಿಸುತ್ತದೆ. ಕ್ಯಾಮೆರಾದ ಬೆಳಕಿನ ಮೀಟರ್ ಇದನ್ನು ಕತ್ತಲೆ ಎಂದು ತಿಳಿದು ಎಕ್ಸ್‌ಪೋಷರ್ (ಸೆನ್ಸರಿಗೆ ಬೀಳುವ ಬೆಳಕು) ಏರಿಸುತ್ತದೆ. ಆಗ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚಾನೆಲ್‌ಗಳಲ್ಲಿ ಕೆಂಪು ಮೇಲಿನ ತುದಿಗೆ ತಾಗಿ ನಿಲ್ಲುತ್ತದೆ (ಇದಕ್ಕೇ ಒಡೆಯುವುದು ಎನ್ನುವುದು), ಹಸಿರು ಮಾತ್ರ ಏರುತ್ತಲೇ ಇರುತ್ತದೆ. ನಿಂತ ಕೆಂಪಿಗೆ ಏರುವ ಹಸಿರು ಸೇರಿದರೆ ಕಿತ್ತಳೆ. ಹುಡುಗನ ಹಿಸ್ಟೋಗ್ರಾಮಿನಲ್ಲಿ (ಎಡಕ್ಕೆ ಕತ್ತಲು, ಬಲಕ್ಕೆ ಹೊಳಪು ತೋರಿಸುವ ಗ್ರಾಫ್) ಇದರ ಸುಳಿವೇ ಇರಲಿಲ್ಲ. ಅವನು ನೋಡುತ್ತಿದ್ದದ್ದು ಒಟ್ಟು ಹೊಳಪಿನ ಬಿಳಿ ಗ್ರಾಫ್. ಅದರಲ್ಲಿ ಹಸಿರಿನ ಪಾಲು ಹೆಚ್ಚು, ಕೆಂಪಿನ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಕೆಂಪು ಪೂರ್ತಿ ಒಡೆದಿದ್ದರೂ ಆ ಗ್ರಾಫ್ ನಡುವಿನಲ್ಲೇ ತಣ್ಣಗೆ ಕೂತಿರುತ್ತದೆ. ಮೆನುವಿನಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ ಆರಿಸಿದ ಕೂಡಲೇ ಕೆಂಪು ಗೆರೆ ಬಲಗೋಡೆಗೆ ಅಂಟಿಕೊಂಡಿದ್ದು ಕಂಡಿತು.

ಇಲ್ಲಿ ಹೊಸಬರು ಎಡವುವ ಇನ್ನೊಂದು ಜಾಗ ಇದೆ. ರಾ ತೆಗೆಯುತ್ತಿದ್ದರೂ ಪರದೆಯ ಚಿತ್ರ, ಹಿಸ್ಟೋಗ್ರಾಮ್ ಎರಡೂ ಕ್ಯಾಮೆರಾ ಒಳಗೆ ಬೇಯಿಸಿದ ಜೆಪೆಗ್‌ನಿಂದ ಬಂದವು. ಹಗಲು ಬೆಳಕಿನ ವೈಟ್ ಬ್ಯಾಲೆನ್ಸ್‌ಗಾಗಿ, ಅಂದರೆ ಬಿಳಿ ಬಿಳಿಯಾಗಿಯೇ ಕಾಣಲೆಂದು, ಕ್ಯಾಮೆರಾ ಕೆಂಪು ಚಾನೆಲ್ಲನ್ನು ಸುಮಾರು ಎರಡು ಪಟ್ಟು ಗುಣಿಸುತ್ತದೆ (ಈ ಅಂಕಿ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ), ಮೇಲೆ ಬಣ್ಣ, ಕಾಂಟ್ರಾಸ್ಟ್ ತಿದ್ದುವ ಪಿಕ್ಚರ್ ಸ್ಟೈಲಿನ ಒಗ್ಗರಣೆ. ಹೀಗಾಗಿ ಜೆಪೆಗ್‌ನಲ್ಲಿ ಒಡೆದಂತೆ ಕಾಣುವ ಕೆಂಪು ರಾ ಫೈಲಿನಲ್ಲಿ ಅನೇಕ ಸಲ ಜೀವಂತ ಇರುತ್ತದೆ. ಅನೇಕ ಸಲ, ಯಾವಾಗಲೂ ಅಲ್ಲ. ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್‌ಗೆ ಇಳಿಸಿ ಕಾಂಟ್ರಾಸ್ಟ್ ಕಡಿಮೆ ಮಾಡಿದರೆ ಹಿಸ್ಟೋಗ್ರಾಮ್ ನಿಜಕ್ಕೆ ಹತ್ತಿರ ಬರುತ್ತದೆ. ಆಮೇಲೆ ಮೀಟರ್ ಹೇಳಿದ್ದನ್ನು ತಿದ್ದುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ ಮೂರನೇ ಎರಡು (-2/3). ರಾಶಿ ಚೌಕಟ್ಟು ತುಂಬಿದ್ದರೆ ಮೈನಸ್ ಒಂದು. ಅದಕ್ಕಿಂತ ಇಳಿಸುವ ಚಟ ಬೇಡ. ಸೆನ್ಸರಿನ ಪ್ರತಿ ನಾಲ್ಕು ಕಣ್ಣುಗಳಲ್ಲಿ ಎರಡು ಹಸಿರಿಗೆ, ಒಂದು ನೀಲಿಗೆ, ಕೆಂಪಿಗೆ ಒಂದೇ. ಮೆಣಸಿನಕಾಯಿಯ ವಿವರ ಬರುವುದು ಹೆಚ್ಚಾಗಿ ಆ ಒಂದರಿಂದಲೇ. ಅದಕ್ಕೂ ಬೆಳಕು ಸಾಲದೆ ಹೋದರೆ ಎಡಿಟಿಂಗ್‌ನಲ್ಲಿ ಎತ್ತುವಾಗ ರವೆಯಂಥ ನಾಯ್ಸ್ ಏಳುತ್ತದೆ.

ವೈಟ್ ಬ್ಯಾಲೆನ್ಸ್ ತಪ್ಪಿದರೆ ರಾದಲ್ಲಿ ಆಮೇಲೆ ಸರಿಪಡಿಸಬಹುದು ನಿಜ, ಆದರೆ ಯಾವುದಕ್ಕೆ ಸರಿಪಡಿಸುವುದು? ರಾಶಿಗಳ ನಡುವೆ ನಿಂತ ಹಮಾಲನ ಬಿಳಿ ಅಂಗಿಯ ಕೆಳಭಾಗಕ್ಕೆ ಕೆಂಪು ಬೆಳಕು ಬಡಿದಿರುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಅದನ್ನು ತಿದ್ದಲು ಹೋಗಿ ಇಡೀ ಚಿತ್ರವನ್ನು ತಣ್ಣಗೆ, ಹಸಿರು ನೀಲಿಯತ್ತ ತಳ್ಳುತ್ತದೆ. ಬಣ್ಣದ ಲೆಕ್ಕಕ್ಕೆ ಆಧಾರವಾಗುವ ಬೂದು ಕಾರ್ಡ್ ಹಿಡಿದು ಒಂದು ಚಿತ್ರ ತೆಗೆದುಕೊಳ್ಳಬೇಕು, ಅದೂ ರಾಶಿಗೆ ಬೆನ್ನು ಕೊಡುವ ಹಾಗೆ, ಬಿಸಿಲಿಗೆ ಮುಖ ಮಾಡಿ. ಹುಡುಗರು ಕಾರ್ಡನ್ನು ರಾಶಿಯ ಮೇಲೇ ಇಟ್ಟು ತೆಗೆದರು; ಅದಕ್ಕೂ ಕೆಂಪು ಬಡಿದಿತ್ತು, ಮತ್ತೆ ತೆಗೆಸಬೇಕಾಯಿತು. ತಗಡಿನ ಶೆಡ್ಡಿನೊಳಗೆ ಬೆಳಕೇ ಬೇರೆ, ಅಲ್ಲಿಗೆ ಇನ್ನೊಂದು ಕಾರ್ಡ್ ಚಿತ್ರ. ತೊಟ್ಟು ಮುರಿಯುವ ಹೆಂಗಸರು ಕೂತಿದ್ದ ಕಡೆ ಐಎಸ್‌ಒ 800, ಎಫ್/4, ಶಟರ್ ಸೆಕೆಂಡಿನ 1/160 ಬೇಕಾಯಿತು. ಕೈ ನಿಲ್ಲುವವರಲ್ಲ ಅವರು, 1/60ರಲ್ಲಿ ಬೆರಳೆಲ್ಲ ಕಲಸಿ ಹೋಗಿದ್ದವು.

ಲೆನ್ಸ್ ಮಾತ್ರ ಅಲ್ಲಿ ಬದಲಿಸಲೇಬಾರದು. ಕಾಯಿಯ ಪುಡಿ ಗಾಳಿಯಲ್ಲೇ ಇರುತ್ತದೆ. ಸೆನ್ಸರಿನ ಮೇಲೆ ಕೂತರೆ ಎಫ್/16ರಲ್ಲಿ ಆಕಾಶದ ತುಂಬ ಕಪ್ಪು ಚುಕ್ಕೆ. ಮನೆಯಿಂದಲೇ 24-70 ಅಥವಾ 18-55 ಎಂಎಂ ಜೂಮ್ ಲೆನ್ಸ್ ಹಾಕಿಕೊಂಡು ಹೋಗಿ. ಕಾಯಿ ಮುಟ್ಟಿದ ಕೈಯಿಂದ ವ್ಯೂಫೈಂಡರ್ ಒರೆಸಬೇಡಿ, ಮುಂದಿನ ಚಿತ್ರಕ್ಕೆ ಕಣ್ಣು ಇಟ್ಟಾಗ ಯಾಕೆಂದು ತಿಳಿಯುತ್ತದೆ.

ಸಂಜೆ ಧಾರವಾಡದಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ಮೊದಲು ಬಂದದ್ದು ನಿರಾಸೆ. ಡಾರ್ಕ್‌ಟೇಬಲ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದ ರಾ ಫೈಲ್ ಮಂಕಾಗಿತ್ತು. "ಜೆಪೆಗ್ಗ ಚಲೋ ಇತ್ತಲ್ರೀ ಅಣ್ಣಾ" ಎಂದ ಒಬ್ಬ. ಇರಬೇಕಾದ್ದೇ ಹಾಗೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384; ಅಡುಗೆ ಮಾಡದ ಅಕ್ಕಿ ಅದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದೊಂದು ಫೈಲ್ ಕುಗ್ಗಿಸದಿದ್ದರೆ ಸುಮಾರು 42 ಎಂಬಿ ತೂಗುವುದೂ ಇದಕ್ಕೇ. ಎಷ್ಟು ತಿದ್ದಿದರೂ ಮೂಲ ಫೈಲ್ ಬದಲಾಗುವುದಿಲ್ಲ, ತಿದ್ದುಪಡಿಗಳು ಪಕ್ಕದ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿ ಕೂರುತ್ತವೆ. ಫೋಲ್ಡರ್ ಬೇರೆಡೆಗೆ ಸಾಗಿಸುವಾಗ ಎರಡನ್ನೂ ಜತೆಗೇ ಒಯ್ಯಬೇಕು.

ಮೊದಲು ಬೂದು ಕಾರ್ಡಿನ ಮೇಲೆ ಬಣ್ಣ ಆರಿಸುವ ಪಿಕರ್ ಒತ್ತಿ ವೈಟ್ ಬ್ಯಾಲೆನ್ಸ್, ಅದನ್ನೇ ಆ ಜಾಗದ ಉಳಿದ ಚಿತ್ರಗಳಿಗೆ ನಕಲು. ನಂತರ ಎಕ್ಸ್‌ಪೋಷರ್. ರಾ ಮಟ್ಟದಲ್ಲೇ ಒಡೆದ ಜಾಗ ತೋರಿಸುವ ಸೂಚಕ ಹಾಕಿದಾಗ ಬೆಳಗಿನ ಮೊದಲ ಹನ್ನೆರಡು ಚಿತ್ರಗಳ ಮುಂದಿನ ಸಾಲು ಪೂರ್ತಿ ಗುರುತಾಯಿತು. ಮೈನಸ್ ಒಂದರಲ್ಲಿ ತೆಗೆದವುಗಳಲ್ಲಿ ಒಂದೆರಡು ಹೊಳಪಿನ ಚುಕ್ಕೆ ಬಿಟ್ಟರೆ ಏನೂ ಇಲ್ಲ.

ಆದರೂ ಅವುಗಳಲ್ಲಿಯೂ ಸುಕ್ಕು ಕಾಣುತ್ತಿರಲಿಲ್ಲ! ಇದು ಬೇರೆ ರೋಗ. ಪರದೆಗೆ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಯ ಪೆಟ್ಟಿಗೆ ಸಣ್ಣದು. ಡಬ್ಬಿಯ ಕೆಂಪು ಅದರಲ್ಲಿ ಹಿಡಿಸದೆ ಅಂಚಿಗೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಹೊಸಬರು ಇಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಇನ್ನಷ್ಟು ಏರಿಸುತ್ತಾರೆ, ಇದ್ದ ಸುಕ್ಕೂ ಹೋಗುತ್ತದೆ. ಬೇಕಾದ್ದು ಉಲ್ಟಾ. ಕೆಂಪಿನ ಸ್ಯಾಚುರೇಶನ್ ಮಾತ್ರ 15ರಿಂದ 20ರಷ್ಟು ಕೆಳಗೆ, ಕೆಂಪಿನ ಹೊಳಪು ಒಂದಿಷ್ಟು ಕೆಳಗೆ. ಸ್ಲೈಡರಿನ ಎರಡನೇ ಎಳೆತಕ್ಕೇ ಸುಕ್ಕುಗಳು ಮೇಲೆದ್ದವು. ಅಡೋಬಿಯ ಲೈಟ್‌ರೂಮ್ ತಂತ್ರಾಂಶ ಇದ್ದವರು ಪ್ರೊಫೈಲನ್ನು ಅಡೋಬಿ ಕಲರ್‌ನಿಂದ ಅಡೋಬಿ ನ್ಯೂಟ್ರಲ್‌ಗೆ ಬದಲಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಶಾರ್ಪನಿಂಗ್ ನೋಡುವುದು ಶೇ. 100ಕ್ಕೆ ಹಿಗ್ಗಿಸಿ ಮಾತ್ರ.

ಜೆಪೆಗ್ ಆಗಿ ಹೊರತೆಗೆದದ್ದು ಎಸ್‌ಆರ್‌ಜಿಬಿ, ಗುಣಮಟ್ಟ 90, ಉದ್ದ ಬದಿ 2048 ಪಿಕ್ಸೆಲ್. 12x18 ಇಂಚು ಪ್ರಿಂಟ್ ಹಾಕಿಸುವುದಾದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 3600x5400 ಬೇಕು. ದಲಾಲರಿಗೆ ಕಳಿಸಿದ ಚಿತ್ರಕ್ಕೆ ರಾತ್ರಿ ಫೋನ್ ಬಂತು: ಈಗಲೂ ಸ್ವಲ್ಪ ಕಿತ್ತಳೆಯೇ. ಕೇಳಿ ನೋಡಿದರೆ ಅವರ ಮೊಬೈಲ್ ಪರದೆ ವಿವಿಡ್ ಮೋಡ್‌ನಲ್ಲಿತ್ತು. ನ್ಯಾಚುರಲ್‌ಗೆ ಬದಲಿಸಿದ ಮೇಲೆ, "ಹಾಂ, ಇದು ನಮ್ದು. ಖರೆ, ಆ ಎಡಗಡೀ ಚೀಲದಾಗ ಕಡ್ಡಿ ಕಲಬೆರಕಿ ಆಗೇತಿ ನೋಡ್ರಿ" ಅಂದರು. ಅದು ನಮ್ಮಲ್ಲಿ ಯಾರಿಗೂ ಕಂಡಿರಲಿಲ್ಲ.