ಗುಲ್ಮಾರ್ಗಕ್ಕೆ ಸ್ಕೀಯಿಂಗ್‌ಗೆ ಹೊರಡುವವರು ಮೊದಲು ಸ್ಕೀಯ ಬಾಗು ನೋಡಿ

ಬೆಳಗಾವಿಯಿಂದ ಗುಲ್ಮಾರ್ಗಕ್ಕೆ ಹೊರಡುವವರು ಜಾಕೆಟ್, ಕೈಗವಸು, ಹೋಟೆಲ್ ರೂಮು ಎಲ್ಲದರ ಬಗ್ಗೆಯೂ ವಿಚಾರಿಸುತ್ತಾರೆ. ಕಾಲಿಗೆ ಕಟ್ಟಿಕೊಳ್ಳುವ ಸ್ಕೀ ಎಂಥದಿರಬೇಕು ಅಂತ ಕೇಳುವವರು ಕಡಿಮೆ. "ಅಲ್ಲೇ ಬಾಡಿಗೀಗೆ ಸಿಗ್ತಾವಲ್ರಿ, ಕೊಟ್ಟಿದ್ದು ಹಾಕ್ಕೊಂಡ್ರಾತು" ಅನ್ನುತ್ತಾರೆ. ಬಾಡಿಗೆಗೆ ಸಿಗುವುದು ನಿಜ. ಆದರೆ ಅಂಗಡಿಯ ಗೋಡೆಗೆ ಒರಗಿಸಿಟ್ಟ ಸ್ಕೀಗಳಲ್ಲಿ ಹಲವು ನಮೂನೆ ಇರುತ್ತವೆ. ಒಂದರಲ್ಲಿ ಗಟ್ಟಿ ಹಿಮದ ಮೇಲೆ ನಿಶ್ಚಿಂತೆಯಿಂದ ತಿರುಗಬಹುದು, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಕಾಲು ನಿಲ್ಲುವುದಿಲ್ಲ. ಇಷ್ಟು ದೂರ ಹೋಗಿ, ಇಷ್ಟು ಖರ್ಚು ಮಾಡಿ, ಹೊಂದದ ಸ್ಕೀ ಕಟ್ಟಿಕೊಂಡು ರಜೆ ಕಳೆಯುವುದು ಯಾರಿಗೂ ಬೇಡ. ಅದಕ್ಕೇ ಈ ಬರಹದ ಹೆಚ್ಚಿನ ಜಾಗವನ್ನು ಸ್ಕೀಗೇ ಕೊಡುತ್ತೇನೆ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ರೈಲಿಗಾದರೆ ಬೆಳಗಾವಿಯಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿ ಹಜ್ರತ್ ನಿಜಾಮುದ್ದೀನ್‌ನಲ್ಲಿ ಇಳಿಯಿರಿ, ಅಲ್ಲಿಂದ ಶ್ರೀನಗರಕ್ಕೆ ವಿಮಾನ. ಸಾಂಬ್ರಾದಿಂದಲೇ ಹಾರುವವರು ಆ ತಿಂಗಳ ವೇಳಾಪಟ್ಟಿ ನೋಡಿಕೊಳ್ಳಿ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ನಡುವೆ ವಂದೇ ಭಾರತ್ ಓಡುತ್ತಿರುವುದರಿಂದ ಪೂರ್ತಿ ರೈಲಿನಲ್ಲೇ ಹೋಗುವ ದಾರಿಯೂ ಇದೆ. ಶ್ರೀನಗರದಿಂದ ಗುಲ್ಮಾರ್ಗ ಸುಮಾರು 50 ಕಿ.ಮೀ. ತಂಗ್‌ಮಾರ್ಗ ದಾಟಿದ ಮೇಲೆ ಕೊನೆಯ 13 ಕಿ.ಮೀ. ಬರೀ ಏರು. ಹಿಮ ಬಿದ್ದ ದಿನ ಟೈರಿಗೆ ಚೈನ್ ಕಟ್ಟಿದ ಗಾಡಿಯೇ ಬೇಕು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಇನ್ನು ಹಿಮ. ನಮ್ಮ ಬೆಳಗಾವಿ ಮರಾಠಾ ರೆಜಿಮೆಂಟಿನ ಊರು, ಕಾಶ್ಮೀರದಲ್ಲಿ ನೌಕರಿ ಮಾಡಿ ಬಂದ ಒಬ್ಬರಾದರೂ ಓಣಿಯಲ್ಲಿ ಸಿಗುತ್ತಾರೆ. ಹೊರಡುವ ಮುನ್ನ ನಮ್ಮ ಓಣಿಯ ಸುಬೇದಾರ್ ಕಾಕಾ ಅವರನ್ನು ಕಂಡು ಬಂದೆವು. ಗುಲ್ಮಾರ್ಗದಲ್ಲಿರುವ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನಲ್ಲಿ ತರಬೇತಿ ಪಡೆದವರು ಅವರು. "ತಮ್ಮಾ, ಹಿಮ ಅಂದ್ರ ಒಂದ ನಮೂನಿ ಇರೂದಿಲ್ಲ. ಮುಂಜಾನಿ ಒಂದು, ಮಧ್ಯಾಹ್ನ ಇನ್ನೊಂದು. ಕಾಲಾಗಿಂದು ಅದಕ್ಕ ಹೊಂದಬೇಕು" ಅಂದರು. ಅಲ್ಲಿಗೆ ಹೋದ ಮೇಲೆ ಆ ಮಾತಿನ ತೂಕ ಗೊತ್ತಾಯಿತು.

ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಗೆ ಚಿಲ್ಲೈ ಕಲಾನ್ ಅನ್ನುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಪಶ್ಚಿಮದ ಮಾರುತ ಬಂದು ಹೋದ ಮರುದಿನ ಒಣಗಿದ, ಹಗುರ ಪುಡಿ ಹಿಮ ಆಳವಾಗಿ ಬಿದ್ದಿರುತ್ತದೆ. ಜನ ಓಡಾಡಿದ ಮೇಲೆ ಅದೇ ಹಿಮ ಉಬ್ಬುತಗ್ಗಾಗುತ್ತದೆ. ಶಿಖರದ ಅಂಚಿನಲ್ಲಿ ಗಾಳಿಗೆ ಮೇಲ್ಪದರ ಗಟ್ಟಿಯಾಗಿ ಕೆಳಗೆ ಮೆತ್ತಗೆ ಉಳಿಯುತ್ತದೆ. ಮಾರ್ಚ್‌ನಲ್ಲಿ ರಾತ್ರಿ ಹೆಪ್ಪುಗಟ್ಟಿದ್ದು ಹತ್ತು, ಹನ್ನೊಂದರ ಹೊತ್ತಿಗೆ ಮೇಲಿಂದ ಸಡಿಲಾಗಿ, ಮಧ್ಯಾಹ್ನದ ಮೇಲೆ ನೀರುನೀರಾಗುತ್ತದೆ. ಹಿಮವೇ ಬಾರದ ವರ್ಷವೂ ಉಂಟು. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಬೋಳಾಗಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮ ಸಾಲದೆ ಮಾರ್ಚ್‌ಗೆ ಮುಂದೆ ಹೋದವು. ಹೀಗಿರುವಾಗ ಊರಿನಲ್ಲೇ ಕೂತು ಇಂಥದ್ದೇ ಸ್ಕೀ ಬೇಕು ಅಂತ ನಿರ್ಧರಿಸಬೇಡಿ. ಆಕಾರಗಳನ್ನು ಅರ್ಥ ಮಾಡಿಕೊಂಡು ಹೋಗಿ, ಅಲ್ಲಿನ ಹಿಮ ನೋಡಿ ಆರಿಸಿ.

ಆಕಾರದಲ್ಲಿ ಮುಖ್ಯವಾಗಿ ಎರಡು ಗುಣ. ಮೊದಲನೆಯದು ಕ್ಯಾಂಬರ್. ಇಂಥ ಸ್ಕೀಯನ್ನು ಸಪಾಟು ನೆಲದ ಮೇಲಿಟ್ಟರೆ ನಡುಭಾಗ ತುಸು ಮೇಲೆದ್ದಿರುತ್ತದೆ. ತಾಗುವುದು ಮೂತಿಯ ಹಿಂದೆ ಒಂದು ಕಡೆ, ಬಾಲದ ಮುಂದೆ ಒಂದು ಕಡೆ. ಉದ್ಯಮಬಾಗದಲ್ಲಿ ಕೆಲಸ ಮಾಡುವ ನನಗೆ ಲಾರಿಯ ಕಮಾನು ಪಟ್ಟಿ ನೋಡಿದಂತಾಯಿತು. ಮೈಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ, ಒತ್ತಡ ಉದ್ದಕ್ಕೂ ಹಂಚಿಕೊಂಡು, ಅಂಚಿನ ಉಕ್ಕಿನ ಪಟ್ಟಿ ಮೂತಿಯಿಂದ ಬಾಲದವರೆಗೂ ಹಿಮವನ್ನು ಕಚ್ಚುತ್ತದೆ. ಭಾರ ತಗ್ಗಿದೊಡನೆ ಪುಟಿದೆದ್ದು ಮುಂದಿನ ತಿರುವಿಗೆ ತಳ್ಳುತ್ತದೆ. ಒತ್ತಿ ಸಮ ಮಾಡಿದ ಇಳಿಜಾರು, ಮುಂಜಾನೆಯ ಗಡಸು ಹಿಮ, ಇವಕ್ಕೆ ಕ್ಯಾಂಬರ್ ಬೇಕೇ ಬೇಕು. ಆದರೆ ಕಮಾನು ಬಿರುಸಾಗಿದ್ದು ಮೈಭಾರ ಕಡಿಮೆಯಿದ್ದರೆ ಅದು ಪೂರ್ತಿ ಬಗ್ಗುವುದೇ ಇಲ್ಲ, ನಡುವಿನ ಅಂಚು ಕೆಲಸಕ್ಕೆ ಬರುವುದಿಲ್ಲ. ಆಳ ಪುಡಿಯಲ್ಲಿ ಮೂತಿ ಒಳಗೆ ಹೊಕ್ಕುತ್ತದೆ.

ಎರಡನೆಯದು ರಾಕರ್, ಕ್ಯಾಂಬರಿಗೆ ವಿರುದ್ಧದ ಬಾಗು. ಮೂತಿ ಅಥವಾ ಬಾಲ, ಕೆಲವದರಲ್ಲಿ ಎರಡೂ, ಬಹಳ ಮೊದಲೇ ಮೇಲಕ್ಕೆ ಬಾಗಲು ಶುರುವಾಗುತ್ತವೆ. ಮೂತಿ ಪುಡಿ ಹಿಮದ ಮೇಲೆ ತೇಲುತ್ತದೆ, ಉಬ್ಬುತಗ್ಗಿಗೆ ಸಿಕ್ಕಿಕೊಳ್ಳುವುದಿಲ್ಲ, ಕಾಲು ತಿರುಗಿಸುವುದು ಸಲೀಸು. ಇದಕ್ಕೆ ಬೆಲೆಯೂ ಉಂಟು. ಹಿಮಕ್ಕೆ ತಾಗುವ ಅಂಚು ಗಿಡ್ಡವಾಗುವುದರಿಂದ ಗಟ್ಟಿ ಹಿಮದಲ್ಲಿ ಹಿಡಿತ ಕಡಿಮೆ, ವೇಗದಲ್ಲಿ ಮೂತಿ ಪಟಪಟ ಬಡಿಯುತ್ತದೆ. ಸಾಮಾನ್ಯವಾಗಿ ಸ್ಕೀ ಗಲ್ಲದಿಂದ ನೆತ್ತಿಯ ನಡುವಿನ ಎತ್ತರಕ್ಕಿರಬೇಕು. ರಾಕರ್ ಹೆಚ್ಚಿದ್ದರೆ ಅದಕ್ಕಿಂತ 5ರಿಂದ 10 ಸೆಂ.ಮೀ. ಹೆಚ್ಚು ಉದ್ದದ್ದು ತೆಗೆದುಕೊಳ್ಳುವುದು ತಾಗುವ ಅಂಚು ಗಿಡ್ಡವಾಗುತ್ತದೆ ಎಂಬ ಕಾರಣಕ್ಕೇ. ಉದ್ದಕ್ಕೂ ರಾಕರ್ ಇರುವ ಸ್ಕೀ 2002ರಲ್ಲಿ ವೊಲಾಂಟ್ ಕಂಪನಿಯ ಸ್ಪಾಚುಲಾ ಎಂಬ ಸ್ಕೀಯಿಂದ ಹೆಸರಾಯಿತು. ನೀರಿನ ಮೇಲಿನ ಸ್ಕೀಯನ್ನು ಕಂಡು ಸ್ಕೀಯರ್ ಷೇನ್ ಮೆಕಾಂಕಿ ಹುಟ್ಟುಹಾಕಿದ ಕಲ್ಪನೆ ಅದು, ಆಳ ಹಿಮಕ್ಕೆಂದೇ ಮಾಡಿದ್ದು. ಗಡಸು ಹಿಮದಲ್ಲಿ ಅಂಥದ್ದು ನಡುಭಾಗದ ಮೇಲಷ್ಟೇ ನಿಂತು ಗಿರಕಿ ಹೊಡೆಯುತ್ತದೆ. ಹೊಸಬರು ಅದನ್ನು ಮುಟ್ಟಬೇಡಿ.

ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ಕಡೆಯಿಂದ ಒಂದು ವಾರಕ್ಕೆಂದು ಹೋಗುವ, ತಿರುಗಲು ನಿಲ್ಲಲು ಬರುವ ಬಹುತೇಕರಿಗೆ ಮೂತಿಯಲ್ಲಿ ರಾಕರ್, ಕಾಲಡಿಯಲ್ಲಿ ಕ್ಯಾಂಬರ್ ಇರುವ, ನಡುವಿನ ಅಗಲ 85ರಿಂದ 95 ಮಿ.ಮೀ. ಇರುವ ಸ್ಕೀ ಸರಿ. ಮುಂಜಾನೆ ಹಿಡಿಯುತ್ತದೆ, ಮಧ್ಯಾಹ್ನ ಮುಳುಗುವುದಿಲ್ಲ. ನಾನು ಇದನ್ನೇ ತೆಗೆದುಕೊಂಡೆ. ತಂಗಿ ಅದೇ ಮೊದಲು ಹಿಮ ಕಂಡವಳು, ಹಗುರ ಮೈ. ಅವಳಿಗೆ ಮೆತ್ತಗೆ ಬಗ್ಗುವ, ಕ್ಯಾಂಬರ್ ಕಡಿಮೆಯಿರುವ, ಗಲ್ಲದ ಎತ್ತರದ ಸ್ಕೀ ಕೊಡಿಸಿದೆವು. ಅಗಲ 80 ಮಿ.ಮೀ. ಒಳಗೆ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದು ಸುಲಭವಾಗಲೆಂದು. ಬಾಗಲಕೋಟೆ ನವನಗರದ ಗೆಳೆಯ ಮನಾಲಿ ಬಳಿಯ ಸೋಲಂಗ್‌ನಲ್ಲಿ ಕಲಿತವನು, ಆಳು ಭಾರಿ. ಹಿಮ ಬಿದ್ದ ಮರುದಿನ ಅವನು 105 ಮಿ.ಮೀ. ಅಗಲದ, ಎರಡೂ ತುದಿಯಲ್ಲಿ ರಾಕರ್ ಇರುವ ಜೋಡಿ ಹಾಕಿಕೊಂಡು, ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಮುಗಿಯುವ ಕೊಂಗ್‌ಡೋರಿಯ ಕೆಳಗಿನ ಕಾಡಿನಲ್ಲಿ ಇಳಿದ ಬಗೆ ನೋಡಲು ಖುಷಿಯಾಗುತ್ತಿತ್ತು. ಬಾಲದಲ್ಲೂ ರಾಕರ್ ಇದ್ದರೆ ಇಕ್ಕಟ್ಟಾದ ಮರಗಳ ನಡುವೆ ಒಂದು ತಿರುವು ಬೇಗ ಮುಗಿಸಿ ಇನ್ನೊಂದಕ್ಕೆ ಹೊರಳಬಹುದು. ಹಿಮ ಗಟ್ಟಿಯಾದ ದಿನ ಅವನೇ ಹೋಗಿ ಅದನ್ನು ಕ್ಯಾಂಬರ್ ಜೋಡಿಗೆ ಬದಲಿಸಿಕೊಂಡು ಬಂದ. ಬಾಡಿಗೆ ಮಾತಾಡುವಾಗಲೇ ಕೇಳಿ: "ನಡುವೆ ಬದಲಿಸಿ ಕೊಡ್ತೀರಾ?" ಒಪ್ಪುವ ಅಂಗಡಿಯಲ್ಲೇ ತೆಗೆದುಕೊಳ್ಳಿ. ಹಿಂದಿ ಸಾಕು, ಎಲ್ಲರಿಗೂ ಬರುತ್ತದೆ.

ಅಂಗಡಿಯವರು "ಎಲ್ಲಾ ಕಡೆ ನಡೆಯುತ್ತೆ" ಅಂದರೆ ನೀವೇ ಪರೀಕ್ಷೆ ಮಾಡಿ. ಜೋಡಿಯನ್ನು ತಳಕ್ಕೆ ತಳ ತಾಗಿಸಿ, ಒತ್ತದೆ, ನೆಟ್ಟಗೆ ಹಿಡಿಯಿರಿ. ನಡುವೆ ಸಂದು ಕಂಡರೆ ಕ್ಯಾಂಬರ್. ಮೂತಿಯ ಕಡೆ ಸಂದು ಬಹಳ ಕೆಳಗಿನಿಂದಲೇ ತೆರೆದುಕೊಂಡಿದ್ದರೆ ರಾಕರ್. ಬಾಲದ ಕಡೆಗೂ ಹಾಗೇ ನೋಡಿ. ಈಗ ನಡುವೆ ಕೈಯಿಂದ ಹಿಂಡಿ. ಸುಲಭವಾಗಿ ಮುಚ್ಚಿಕೊಂಡರೆ ಮೆತ್ತನೆಯದು, ಪೂರ್ತಿ ಬಲ ಬೇಕಾದರೆ ಭಾರದವರಿಗೆ, ವೇಗದವರಿಗೆ. ಹಳೆಯ ಬಾಡಿಗೆ ಸ್ಕೀಗಳಲ್ಲಿ ಕ್ಯಾಂಬರ್ ಸತ್ತಿರುತ್ತದೆ, ನಡುವೆ ಸಂದೇ ಉಳಿದಿರುವುದಿಲ್ಲ, ಅಂಥದ್ದನ್ನು ಹಿಂದಿರುಗಿಸಿ. ಉಗುರನ್ನು ಅಂಚಿಗೆ ಅಡ್ಡ ಎಳೆದು ನೋಡಿ, ತುಸು ಕೆರೆಯಬೇಕು. ತುಕ್ಕು ಹಿಡಿದು ದುಂಡಗಾದ ಅಂಚಿದ್ದರೆ ಎಷ್ಟು ಒಳ್ಳೆಯ ಕ್ಯಾಂಬರ್ ಇದ್ದೂ ಹಿಡಿತ ಸಿಗದು. ಅಗಲ, ತಿರುವಿನ ತ್ರಿಜ್ಯ ಸ್ಕೀಯ ಮೇಲೇ ಅಚ್ಚಾಗಿರುತ್ತವೆ. ಮೂರು ಅಂಕಿಗಳಿದ್ದರೆ ನಡುವಿನದೇ ಕಾಲಡಿಯ ಅಗಲ.

ಬೂಟು ಸ್ಕೀಗಿಂತ ಮುಖ್ಯ ಅಂದರೂ ತಪ್ಪಿಲ್ಲ. ಅದರ ಅಳತೆ ಸೆಂಟಿಮೀಟರಿನಲ್ಲಿ ಇರುತ್ತದೆ, ಹಾಗಾಗಿ ಮನೆಯಲ್ಲೇ ಗೋಡೆಗೆ ಹಿಮ್ಮಡಿ ತಾಗಿಸಿ ಪಾದ ಅಳೆದುಕೊಂಡು ಹೋಗಿ. ಒಂದೇ ತೆಳು ಉಣ್ಣೆಯ ಸಾಕ್ಸ್ ಸಾಕು. ಎರಡು ಹಾಕಿದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವಂತೆ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಹೊಂದಿಸಲು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಎಲ್ಲವೂ ಬೇಕು. ನಾಚಿಕೆ ಬಿಟ್ಟು ನಿಜವಾದ ತೂಕ ಹೇಳಿ. ಮೊಣಕಾಲು ಉಳಿಯುವುದು ಅದರಿಂದ.

ಕಲಿಯುವವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನೀರಿಂಗ್ ಗುಲ್ಮಾರ್ಗದಲ್ಲೇ ಇದೆ; ಕೋರ್ಸಿಗೆ ಮೊದಲೇ ಅರ್ಜಿ ಹಾಕಿ. ಗೊಂಡೋಲಾ ಟಿಕೆಟನ್ನೂ ಆನ್‌ಲೈನ್‌ನಲ್ಲಿ ಮುಂಚೆ ತೆಗೆಸಿ. ಅದರ ಎರಡನೇ ಹಂತ ಅಫರ್ವಟ್‌ನಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಗುಲ್ಮಾರ್ಗ ಊರೇ 2,650 ಮೀಟರ್, ನಮ್ಮ ಬೆಳಗಾವಿ 750ರ ಆಸುಪಾಸು. ಹೋದ ದಿನವೇ ಮೇಲೆ ಏರಬೇಡಿ. ಮೇಲಿನ ಇಳಿಜಾರು ಯಂತ್ರದಿಂದ ಸಮ ಮಾಡಿದ್ದಲ್ಲ, ಹಿಮಕುಸಿತದ ಜಾಗ. 2023ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರುಗಳು ಜೀವ ಕಳೆದುಕೊಂಡರು. ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್‌ನವರು ಮುಚ್ಚಿದೆ ಅಂದ ಕಡೆ ಕಾಲಿಡಬಾರದು. ತೆರೆದಿದ್ದರೂ ಸ್ಥಳೀಯ ಗೈಡ್, ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಇಲ್ಲದೆ ಹೋಗಬಾರದು. ಅಗಲ ರಾಕರ್ ಸ್ಕೀ ಕಾಲಲ್ಲಿದ್ದರೆ ಆಳ ಹಿಮ ಸುಲಭ ಅನ್ನಿಸುತ್ತದೆ, ಆ ಧೈರ್ಯವೇ ಅಪಾಯ.

ತೊಡೆಯ ಬಲಕ್ಕೆ ಹೊರಡುವ ಎರಡು ತಿಂಗಳ ಮುಂಚಿನಿಂದ ಯಳ್ಳೂರಿನ ರಾಜಹಂಸಗಡ ಹತ್ತಿ ಇಳಿಯಿರಿ, ಇಳಿಯುವುದೇ ಹೆಚ್ಚು ಉಪಯೋಗಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ, ಒಯ್ಯಿರಿ. ಗೆಳೆಯ ಅಮೀನಗಡದ ಕರದಂಟು ತಂದಿದ್ದ. ಲಿಫ್ಟಿನ ಸರದಿಯಲ್ಲಿ ನಿಂತಾಗ ಅದರಷ್ಟು ಉಪಕಾರ ಇನ್ನಾವುದರಿಂದಲೂ ಆಗಲಿಲ್ಲ. ಚಳಿಗೆ ಕಲ್ಲಾಗುತ್ತದೆ, ಒಳಜೇಬಿನಲ್ಲಿಡಿ.

ವಾಪಸ್ ಬರುವಾಗ ಶ್ರೀನಗರದ ವಿಮಾನಕ್ಕೂ ದೆಹಲಿಯ ರೈಲಿಗೂ ನಡುವೆ ಒಂದು ಪೂರ್ತಿ ದಿನ ಬಿಡಿ. ಹಿಮ ಬಿದ್ದರೆ ವಿಮಾನಗಳು ರದ್ದಾಗುತ್ತವೆ, ಗೋವಾ ಎಕ್ಸ್‌ಪ್ರೆಸ್ ಕಾಯುವುದಿಲ್ಲ.