‘ಮಕ್ಕಳ ಮುಖ ನೋಡಿಯಾದರೂ ಕಾಡು ಬಿಟ್ಟು ಬರಬಾರದೇ?’

ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ಊರುಗಳಲ್ಲಿ, ಅಂಗನವಾಡಿಗಳ ಮೇಲ್ವಿಚಾರಣೆ ಮಾಡುತ್ತಾ ಇಪ್ಪತ್ತು ವರ್ಷ ಓಡಾಡಿದವಳು ನಾನು. ಅದು ಗೊತ್ತಾದ ಕೂಡಲೇ ಬಂಧುಗಳು, ಬಸ್ಸಿನಲ್ಲಿ ಪಕ್ಕ ಕುಳಿತವರು, ಬ್ಯಾಂಕಿನ ಗುಮಾಸ್ತರು, ಎಲ್ಲರೂ ಕೇಳುವುದು ಒಂದನ್ನೇ: ‘ಆ ಜೇನುಕುರುಬರು ಮಕ್ಕಳ ಮುಖ ನೋಡಿಯಾದರೂ ಕಾಡು ಬಿಟ್ಟು ಬರಬಾರದೇ?’ ಜೇನುಕುರುಬರೆಂದರೆ ನಾಗರಹೊಳೆ ಕಡೆಯ ಕಾಡಿನ ಆದಿವಾಸಿಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಕಳೆದ ಬಾರಿ ಇದನ್ನು ಕೇಳಿದವನು ನನ್ನ ದೊಡ್ಡಮ್ಮನ ಮಗ. ಮೈಸೂರಿನಲ್ಲಿ ಮದುವೆ ಊಟ. ಹಿಂದಿನ ದಿನವಷ್ಟೇ ನಾಗರಹೊಳೆಯಲ್ಲಿ ಸಫಾರಿ ಮುಗಿಸಿ ಬಂದಿದ್ದ. ಮೊಬೈಲಿನಲ್ಲಿ ಆನೆಯ ಫೋಟೊ ತೋರಿಸುತ್ತಾ, ‘ಹದಿನೈದು ಲಕ್ಷ ಕೊಡುತ್ತಾರಂತಲ್ಲ ಅಕ್ಕ, ಇನ್ನೇನು ಬೇಕು ಅವರಿಗೆ?’ ಎಂದ. ಎಲೆಯ ಮುಂದೆ ಕುಳಿತು ಜಗಳವಾಡಬಾರದೆಂದು ಸುಮ್ಮನಾದೆ. ಅನ್ನ ಮಾತ್ರ ಗಂಟಲಿಳಿಯಲಿಲ್ಲ.

ಮೊದಲು ಆ ‘ಮಕ್ಕಳ ಮುಖ ನೋಡಿಯಾದರೂ’ ಎಂಬ ಮಾತನ್ನು ತೆಗೆದುಕೊಳ್ಳೋಣ. ತಾಯಿ ತಂದೆಗೆ ಮಕ್ಕಳ ಚಿಂತೆಯಿಲ್ಲ, ಆ ಚಿಂತೆ ಕೇಳುವವರಿಗೇ ಹೆಚ್ಚು ಎಂಬ ಧಾಟಿ ಅದರಲ್ಲಿದೆ. ಹಾಡಿಯಲ್ಲಿ ಒಂದು ದಿನ ಕುಳಿತು ನೋಡಿ. ವರ್ಷ ತುಂಬದ ಕೂಸು ನೆಲಕ್ಕೆ ತಾಗುವುದೇ ಅಪರೂಪ. ಅವ್ವನ ಸೊಂಟದಿಂದ ಅಜ್ಜಿಯ ಮಡಿಲಿಗೆ, ಅಲ್ಲಿಂದ ಮಾವನ ಹೆಗಲಿಗೆ ಹೋಗುತ್ತಿರುತ್ತದೆ. ಅವರಿಗೆ ಮಕ್ಕಳ ಮೇಲಿನ ಪ್ರೀತಿಯನ್ನು ನಾವು ಹೇಳಿಕೊಡಬೇಕಾಗಿಲ್ಲ.

ಇನ್ನು ‘ಬಿಟ್ಟು ಬರಬಾರದೇ’ ಎಂಬ ಮಾತು. ಬಂದಿದ್ದಾರಲ್ಲ! 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲಿನ ದಶಕಗಳಲ್ಲಿ ಹಾಡಿಗಳು ಒಂದೊಂದಾಗಿ ಖಾಲಿಯಾದವು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ, ನಾಗರಹೊಳೆಯಿಂದ ಹೊರಬಿದ್ದು ಪುನರ್ವಸತಿಗೆ ಕಾದಿರುವ 3,418 ಆದಿವಾಸಿ ಕುಟುಂಬಗಳ ಲೆಕ್ಕ ಕೊಟ್ಟಿದೆ. ಆ ಕುಟುಂಬಗಳ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಒಬ್ಬರಾದರೂ ನನ್ನನ್ನು ಕೇಳಿದ್ದುಂಟೇ?

ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ಇದ್ದಾರೆ. ಒಂದು ಜನವರಿಯಲ್ಲಿ, ನನ್ನ ಹಾಜರಿ ಪುಸ್ತಕದಿಂದ ಮಾಯವಾದ ಮಕ್ಕಳನ್ನು ಹುಡುಕಿಕೊಂಡು ಅಂಥ ಒಂದು ತೋಟಕ್ಕೆ ಹೋಗಿದ್ದೆ. ಹಣ್ಣು ಕುಯ್ಯುವ ಕಾಲ. ಸಿಲ್ವರ್ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿದ್ದರು. ಒಳಗೆ ಎಂಟು ತಿಂಗಳ ಕೂಸು. ಜೋಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನಾಲ್ಕು ವರ್ಷದ ಅಕ್ಕನ ಕೈಯಲ್ಲಿ. ಒಂದು ಕೈಯಲ್ಲಿ ಹಗ್ಗ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ತಮ್ಮನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ನನ್ನ ಗುರುತು ಹಿಡಿದು ನಕ್ಕಳು, ಹಗ್ಗ ಬಿಡಲಿಲ್ಲ. ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುತ್ತಾ ಹಾಡು ಕಲಿಯಬೇಕಾದ ವಯಸ್ಸು ಅವಳದು.

ಅವಳ ಅವ್ವ ಸಂಜೆ ಪ್ಲಾಸ್ಟಿಕ್ ಕವರೊಂದನ್ನು ಬಿಚ್ಚಿ ಕಾಗದಪತ್ರ ತೋರಿಸಿದಳು. ರೇಷನ್ ಕಾರ್ಡು ಹಳೆಯ ಹಾಡಿಯ ವಿಳಾಸದ್ದು. ಕೂಸಿಗೆ ಜನನ ಪತ್ರವಿಲ್ಲ, ಹೆರಿಗೆ ಲೈನ್ ಮನೆಯಲ್ಲೇ ಆಗಿತ್ತು. ‘ಕೇಳಲು ಹೋದರೆ ಅಲ್ಲಿನವರು ನೀವು ಇಲ್ಲಿನವರು ಅನ್ನುತ್ತಾರೆ, ಇಲ್ಲಿನವರು ನೀವು ಅಲ್ಲಿನವರು ಅನ್ನುತ್ತಾರೆ ಮೇಡಂ’ ಎಂದಳು. ದಿನಗೂಲಿ ಬಿಟ್ಟು ಕಚೇರಿಗೆ ಎಷ್ಟು ಸಲ ಅಲೆಯಬಹುದು? ಕಾಡು ಬಿಟ್ಟು ಬಂದರೆ ಆಗುವ ಒಳಿತು ಎಂದು ನೀವು ಹೇಳುತ್ತೀರಲ್ಲ, ನಾನು ಕಣ್ಣಾರೆ ಕಂಡದ್ದು ಇದು.

ಹದಿನೈದು ಲಕ್ಷದ ಮಾತಿಗೂ ಉತ್ತರವಿದೆ. ನಾಗರಹೊಳೆಯಂಥ ಹುಲಿ ಯೋಜನೆಯ ಪ್ರದೇಶದಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷವಿತ್ತು, 2021ರಲ್ಲಿ ಅದು 15 ಲಕ್ಷವಾಯಿತು. ಆ ಲೆಕ್ಕದಲ್ಲಿ 18 ತುಂಬಿದವರು ಬೇರೆ ಕುಟುಂಬ. ಮೂರು ವರ್ಷದ ಮಗುವಿಗೆ ಅದರಲ್ಲಿ ಬೇರೆ ಪಾಲಿಲ್ಲ. ಆ ಮಗು ದೊಡ್ಡದಾಗಿ ಮದುವೆಯಾದಾಗ ಅದರ ಸಂಸಾರ ಎಲ್ಲಿ ನೆಲೆ ನಿಲ್ಲಬೇಕು? ಮಕ್ಕಳ ಹೆಸರು ಹೇಳಿ ಎಬ್ಬಿಸುವಾಗ ಇಷ್ಟನ್ನಾದರೂ ಯೋಚಿಸಬೇಕಿತ್ತು.

ಹೊರಗೆ ಬರಲು ಬಯಸುವವರು ಹಾಡಿಗಳಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಇದ್ದಾರೆ, ಅದರಲ್ಲೂ ಓದಿದ ಎಳೆಯ ದಂಪತಿಗಳು. ಅದು ಅವರ ಹಕ್ಕು, ಒಳ್ಳೆಯ ಜಮೀನು, ಒಳ್ಳೆಯ ಮನೆ ಕೊಟ್ಟು ಕರೆದುಕೊಂಡು ಬನ್ನಿ. ನಾನು ಒಪ್ಪದಿರುವುದು ಬೇರೆ ಮಾತನ್ನು: ಅಂಗನವಾಡಿ ಬೇಕಾದರೆ, ದಾದಿ ಬರಬೇಕಾದರೆ, ಕುಡಿಯುವ ನೀರು ಬೇಕಾದರೆ ಊರು ಬಿಡಿ ಎನ್ನುವುದನ್ನು. ಹುಟ್ಟಿದ ಜಾಗ ಬಿಟ್ಟರೆ ಮಾತ್ರ ಮೊಟ್ಟೆ ಸಿಗುತ್ತದೆ ಎಂದು ನಿಮ್ಮ ಮಗುವಿಗೆ ಯಾರಾದರೂ ಹೇಳಿದ್ದಾರೆಯೇ?

ಕಾನೂನೂ ಹಾಗೆ ಹೇಳುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ತೆಗೆದು ನೋಡಿ. ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ವಿದ್ಯುತ್ ಮಾರ್ಗ ಸೇರಿ 13 ಸೌಲಭ್ಯಗಳಿಗೆ ಅರಣ್ಯ ಭೂಮಿಯನ್ನು ಬಿಟ್ಟುಕೊಡಬಹುದು. ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವಾಗಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಬೇಕು. ಒಂದು ಅಂಗನವಾಡಿಗೆ ಬೇಕಾಗುವುದು ಒಂದು ಕೋಣೆ, ಒಂದು ಅಡುಗೆಮನೆ, ಮಕ್ಕಳು ಓಡಾಡಲು ಒಂದಿಷ್ಟು ಅಂಗಳ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಜೇನುಕುರುಬರು ಮತ್ತು ಕೊರಗರನ್ನು ಮಾತ್ರ. ಅಂಥ ಬುಡಕಟ್ಟುಗಳಿಗೆಂದೇ 2023ರಲ್ಲಿ ಆರಂಭವಾದ ಜನಮನ್ ಯೋಜನೆಯಲ್ಲೂ ಅಂಗನವಾಡಿ ಸೇರಿದೆ. ದಾರಿ ಇದೆ ಎಂದಾಯಿತು.

ಹಾಗಾಗಿ ಇನ್ನು ಮೇಲೆ ನನ್ನನ್ನು ಕೇಳುವುದಿದ್ದರೆ ಹೀಗೆ ಕೇಳಿ: ‘ಆ ಹಾಡಿಯಿಂದ ಅಂಗನವಾಡಿ ಎಷ್ಟು ದೂರ?’ ಆಗ ಸಂತೋಷವಾಗಿ ಕುಳಿತು ಮಾತನಾಡುತ್ತೇನೆ. ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಹಾಡಿಯಿಂದ ನಾಲ್ಕು ಕಿಲೋಮೀಟರು, ನಡುವೆ ಆನೆ ದಾಟುವ ಹಳ್ಳ. ಮಳೆ ಹಿಡಿದರೆ ವಾರಗಟ್ಟಲೆ ಮಕ್ಕಳು ಬರುತ್ತಿರಲಿಲ್ಲ. ಅವರ ಹೆಸರಿನ ಮುಂದೆ ‘ಗೈರು’ ಎಂದಿದ್ದ ಹಾಳೆಗಳಿಗೆ ನಾನೇ ಸಹಿ ಹಾಕಿದ್ದೇನೆ. ಆ ಸಹಿಗಳು ಇವತ್ತಿಗೂ ನನ್ನನ್ನು ಕಾಡುತ್ತವೆ.

ಆಮೇಲೆ ಹಾಡಿಯ ಯಜಮಾನರೇ ಒಂದು ಗುಡಿಸಲು ಬಿಟ್ಟುಕೊಟ್ಟರು. ವಾರಕ್ಕೆ ಮೂರು ದಿನ ಅಲ್ಲಿಗೇ ಹೋಗಲು ಕಾರ್ಯಕರ್ತೆ ಒಪ್ಪಿದಳು. ಮೊದಲ ದಿನ ಗೋಡೆಗೆ ಅಕ್ಷರಮಾಲೆಯ ಚಿತ್ರಪಟ ತೂಗುಹಾಕಿ ‘ಆ, ಆನೆ’ ಎಂದು ಕೋಲಿನಲ್ಲಿ ತೋರಿಸಿದಳು. ನಾಲ್ಕು ವರ್ಷದ ಹುಡುಗನೊಬ್ಬ ಎದ್ದು ಹತ್ತಿರ ಹೋಗಿ, ಬಹಳ ಹೊತ್ತು ನೋಡಿ, ತಲೆಯಲ್ಲಾಡಿಸಿದ. ‘ಇದು ನಮ್ಮ ಆನೆ ಅಲ್ಲ. ಇದರ ಕಿವಿ ಬಹಳ ದೊಡ್ಡದು.’ ನಾನೂ ಹತ್ತಿರ ಹೋಗಿ ನೋಡಿದೆ. ಅಚ್ಚು ಹಾಕಿದವರು ಆಫ್ರಿಕಾದ ಆನೆಯ ಚಿತ್ರ ಹಾಕಿದ್ದರು. ಅಷ್ಟು ವರ್ಷ ಅದೇ ಪಟವನ್ನು ಎಷ್ಟೋ ಕೇಂದ್ರಗಳಲ್ಲಿ ನೋಡಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮುಂದಿನ ತಿಂಗಳು ಹೋದಾಗ ಆ ಪಟವಿರಲಿಲ್ಲ. ಹುಡುಗನ ತಾತ ಇದ್ದಿಲಿನಲ್ಲಿ ಮಣ್ಣಿನ ಗೋಡೆಯ ಮೇಲೆ ಆನೆ ಬರೆದಿದ್ದರು, ಕಿವಿ ಸಣ್ಣದು. ಅದರ ಹೊಟ್ಟೆಯ ಕೆಳಗೆ ಕಾರ್ಯಕರ್ತೆ ಸುಣ್ಣದಲ್ಲಿ ‘ಆ’ ಎಂದು ಬರೆದಿದ್ದಳು. ಹುಡುಗ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದ.